ಕೆಳಮೂಲೆಯ ಹೆಸರು: ಹೈದರಾಬಾದಿನ ಗೋಡೆಗಳ ಕಥೆ

ಹೈದರಾಬಾದಿನ ಒಂದು ಹಳೆಯ ಅಂಗಡಿ ಬೋರ್ಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಂಗಡಿಯ ಹೆಸರು ಬೇಡ, ಅದು ಬೀದಿಯ ಆ ಕೊನೆಯಿಂದಲೇ ಕಾಣುತ್ತೆ. ಬಲಗಡೆ ಕೆಳಮೂಲೆಗೆ ಬನ್ನಿ. ಕಿರುಬೆರಳಿನ ಉಗುರಿನಷ್ಟು ಅಕ್ಷರಗಳಲ್ಲಿ ಒಂದು ಹೆಸರು, ಅದರ ಪಕ್ಕದಲ್ಲಿ ‘ಆರ್ಟ್ಸ್’. ಇಡೀ ಬೋರ್ಡಿನಲ್ಲಿ ಪೇಂಟರ್ ತನಗಾಗಿ ಇಟ್ಟುಕೊಂಡ ಜಾಗ ಅಷ್ಟೇ.

ಬೀದಿ ಕಲೆಯ ಕಥೆ ಹೇಳುವವರು ಸಾಮಾನ್ಯವಾಗಿ ನ್ಯೂಯಾರ್ಕಿನಿಂದ ಶುರು ಮಾಡುತ್ತಾರೆ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಬ್ಬ ಹುಡುಗನ ಬಗ್ಗೆ ಬರೆಯಿತು. ಪಾರ್ಸೆಲ್ ತಲುಪಿಸಲು ಊರೆಲ್ಲ ಓಡಾಡುತ್ತಿದ್ದ ಆತ, ಹೋದಲ್ಲೆಲ್ಲ ‘ಟಾಕಿ 183’ ಎಂದು ಗೀಚಿಟ್ಟು ಬರುತ್ತಿದ್ದ. ಟಾಕಿ ಅವನ ಅಡ್ಡಹೆಸರು, 183 ಅವನ ಮನೆಯಿದ್ದ ಬೀದಿಯ ಸಂಖ್ಯೆ. ಗೋಡೆ ಯಾರದೋ, ಹೆಸರು ಮಾತ್ರ ತನ್ನದು. ನಮ್ಮ ಪೇಂಟರಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ: ಊರಿನವರ ಹೆಸರೆಲ್ಲ ಆಳೆತ್ತರಕ್ಕೆ, ತನ್ನದು ಉಗುರಿನಷ್ಟು. ಹಾಗಾಗಿ ಹೈದರಾಬಾದಿನ ಬೀದಿ ಕಲಾವಿದರನ್ನು ಹುಡುಕಬೇಕೆಂದರೆ ನಾವು ಸ್ಪ್ರೇ ಡಬ್ಬಿಯನ್ನು ಬಿಟ್ಟು ಬ್ರಷ್ಷಿನಿಂದ ಶುರು ಮಾಡಬೇಕು.

ಈ ಊರಿಗೂ ನಮಗೂ ಹಳೆಯ ನಂಟು. ಬೀದರ್, ಕಲಬುರಗಿ, ರಾಯಚೂರಿನವರಿಗೆ 1956ರ ನವೆಂಬರ್ 1ರವರೆಗೆ ಹೈದರಾಬಾದೇ ರಾಜಧಾನಿ. ನಿಜಾಮರ ಸರ್ಕಾರ ಅಚ್ಚು ಹಾಕಿಸಿದ ನೋಟುಗಳಲ್ಲಿ ಉರ್ದು, ತೆಲುಗು, ಮರಾಠಿಯ ಜೊತೆಗೆ ಕನ್ನಡವೂ ಇತ್ತು. ಇಷ್ಟೊಂದು ಲಿಪಿಗಳ ಊರಿನಲ್ಲಿ ಅಕ್ಷರ ಬರೆಯುವವನಿಗೆ ಕೆಲಸ ಕಮ್ಮಿಯಾಗುತ್ತಾ? ಒಂದೇ ತಗಡಿನ ಮೇಲೆ ತೆಲುಗು ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ, ನಡುವೆ ಇಂಗ್ಲಿಷ್. ತೆಲುಗಿನ ತಲೆಕಟ್ಟು ಬರೆದ ಕೈಯೇ ಉರ್ದುವಿನ ಚುಕ್ಕೆಯನ್ನೂ ಇಡಬೇಕು. ಆ ಚುಕ್ಕೆ ಒಂದು ಹೆಚ್ಚಾದರೂ ಒಂದು ಕಮ್ಮಿಯಾದರೂ ಅಕ್ಷರವೇ ಬೇರೆ.

ಅಂಥ ಕೈಗಳಲ್ಲಿ ಒಂದು ಅನಿಲ್ ಕುಮಾರ್ ಚೌಹಾಣ್ ಅವರದು. ಹಳೇ ಊರಿನ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದರು. ಶುರುವಿನಲ್ಲಿ ಅವರಿಗೆ ಉರ್ದು ಓದಲು ಬರುತ್ತಿರಲಿಲ್ಲ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ಚಿತ್ರ ಬಿಡಿಸುವ ಹಾಗೆ ನೋಡಿ ನೋಡಿ ಇಳಿಸುವುದು. ಹೀಗೆ ಬರೆಯುತ್ತಾ ಬರೆಯುತ್ತಾ ಆಕಾರಗಳು ಅಕ್ಷರಗಳಾದವು, ಅಕ್ಷರಗಳು ಓದಲು ಸಿಕ್ಕವು. ಶಾಲೆಯಲ್ಲಿ ನಾವು ಮೊದಲು ಓದಿ ಆಮೇಲೆ ದುಂಡಗೆ ಬರೆಯಲು ಕಲಿತೆವು. ಇವರು ಮೊದಲು ದುಂಡಗೆ ಬರೆದು, ಆಮೇಲೆ ಓದಲು ಕಲಿತರು! ಕೈಬರಹ ನೋಡಿದವರು ಮಸೀದಿಯ ಗೋಡೆಗೆ ಕುರಾನಿನ ಸಾಲುಗಳನ್ನು ಬರೆದುಕೊಡಲು ಕರೆದರು. ಹಿಂದೂ ಬರೆಯಬಹುದೇ ಎಂದು ಕೆಲವರು ಆಕ್ಷೇಪಿಸಿದರು. ಚೌಹಾಣ್ ನೇರವಾಗಿ ಜಾಮಿಯಾ ನಿಜಾಮಿಯಾಗೆ ಹೋದರು. 1876ರಲ್ಲಿ ಶುರುವಾದ, ಊರಿನ ಹೆಸರಾಂತ ಧಾರ್ಮಿಕ ವಿದ್ಯಾಸಂಸ್ಥೆ ಅದು. ಬರೆಯಬಹುದು ಎಂದು ಅಲ್ಲಿಂದ ಫತ್ವಾ ಬಂತು. ನೂರಕ್ಕೂ ಹೆಚ್ಚು ಮಸೀದಿಗಳಲ್ಲಿ ಈಗ ಅವರ ಕೈಬರಹವಿದೆ. ದೇವಸ್ಥಾನಗಳಲ್ಲೂ ಬರೆದಿದ್ದಾರೆ.

ಬೋರ್ಡ್ ಬರೆಯುವವರ ದೊಡ್ಡಣ್ಣಂದಿರು ಸಿನಿಮಾ ಬ್ಯಾನರ್ ಪೇಂಟರ್‌ಗಳು. ಆರ್‌ಟಿಸಿ ಕ್ರಾಸ್‌ರೋಡ್ಸ್‌ನಲ್ಲಿ ಸುದರ್ಶನ್, ದೇವಿ, ಸಂಧ್ಯಾ ಥಿಯೇಟರುಗಳು ಸಾಲಾಗಿ ನಿಂತಿದ್ದ ಕಾಲ. ಪೇಂಟರಿನ ಕೈಯಲ್ಲಿ ಅಂಗೈಯಗಲದ ಒಂದು ಸ್ಟಿಲ್ ಫೋಟೋ. ಅದರ ಮೇಲೆ ಪೆನ್ಸಿಲಿನಿಂದ ಚೌಕ ಚೌಕ ಗೆರೆ. ಗೋಡೆಯೆತ್ತರದ ಬಟ್ಟೆಯ ಮೇಲೂ ಅಷ್ಟೇ ಚೌಕ, ಬಣ್ಣದ ಪುಡಿ ಮೆತ್ತಿದ ದಾರ ಹಿಡಿದೆಳೆದು ಪಟ್ ಅಂತ ಬಿಟ್ಟರೆ ನೇರ ಗೆರೆ. ಇದಕ್ಕೆ ಗ್ರಾಫ್ ಹಾಕುವುದು ಎನ್ನುತ್ತಾರೆ. ಆಮೇಲೆ ಒಂದೊಂದೇ ಚೌಕ ತುಂಬಿಸುವುದು. ಹತ್ತಿರ ನಿಂತವನಿಗೆ ಹೀರೋನ ಕೆನ್ನೆ ಬರೀ ನೀಲಿ, ಕೆಂಪು, ಹಳದಿ ಪಟ್ಟಿ. ರಸ್ತೆ ದಾಟಿ ತಿರುಗಿ ನೋಡಿದರೆ ಹೀರೋ ಸಿಟ್ಟಿನಲ್ಲಿದ್ದಾನೆ.

ಚಿತ್ರಕಾರ ಎಂ.ಎಫ್. ಹುಸೇನ್ ಮುಂಬೈನಲ್ಲಿ ಹೊಟ್ಟೆ ಹೊರೆದದ್ದು ಇದೇ ಕಸುಬಿನಿಂದ. ಹೈದರಾಬಾದಿನ ಮೋಹ ಅವರನ್ನು ಬಿಡಲಿಲ್ಲ. 1999ರಲ್ಲಿ ಬಂಜಾರಾ ಹಿಲ್ಸ್‌ನಲ್ಲಿ ‘ಸಿನಿಮಾ ಘರ್’ ಎಂಬ ಮ್ಯೂಸಿಯಂ ಕಟ್ಟಿಸಿ ಮಾಧುರಿ ದೀಕ್ಷಿತ್ ಅವರಿಂದ ಉದ್ಘಾಟನೆ ಮಾಡಿಸಿದರು. ಬ್ಯಾನರ್ ಕಸುಬಿನಿಂದ ಮೇಲೆ ಬಂದವರು ಸಿನಿಮಾಕ್ಕೇ ಒಂದು ಮನೆ ಕಟ್ಟಿಸಿದ ಆ ಹೊತ್ತಿಗೆ, ಊರಿನ ಬ್ಯಾನರ್ ಪೇಂಟರ್‌ಗಳ ಕೆಲಸ ಕೈತಪ್ಪತೊಡಗಿತ್ತು. ಫ್ಲೆಕ್ಸ್ ಮೆಷಿನ್ ಬಂದಿತ್ತಲ್ಲ. ವಾರದ ಕೆಲಸವನ್ನು ಅದು ಗಂಟೆಯೊಳಗೆ ಮುಗಿಸುತ್ತಿತ್ತು. ಅದರ ಕೆಳಮೂಲೆಯಲ್ಲಿ ಪೇಂಟರಿನ ಹೆಸರಿರಲಿಲ್ಲ, ಪ್ರಿಂಟಿಂಗ್ ಅಂಗಡಿಯ ಫೋನ್ ನಂಬರಿತ್ತು.

ಗೋಡೆಗಳ ಮೇಲೆ ಇನ್ನೊಂದು ಬಗೆಯ ಬರಹವೂ ಇತ್ತು: ಘೋಷಣೆ, ಚುನಾವಣೆಯ ಚಿಹ್ನೆ, ರಾತ್ರೋರಾತ್ರಿ ಬರೆದ ಕೆಂಪಕ್ಷರ. ಅದಕ್ಕೆ ಕಡಿವಾಣ ಹಾಕಲು ಆಂಧ್ರಪ್ರದೇಶ 1997ರಲ್ಲಿ ಕಾಯ್ದೆ ಮಾಡಿತು. ನಮ್ಮ ಕರ್ನಾಟಕದಲ್ಲಿ ಅಂಥದ್ದೇ ಕಾಯ್ದೆ 1981ರಿಂದ ಇದೆ. ಇನ್ನು ಪೇಂಟರ್‌ಗಳ ಕೆಲಸ ಕಸಿದ ಆ ಫ್ಲೆಕ್ಸ್: ಅದನ್ನು ಪೂರ್ತಿ ಬೈಯಲೂ ಮನಸ್ಸು ಬರುವುದಿಲ್ಲ. 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಹಾಸ್ಟೆಲಿನಿಂದ ಹೊರಹಾಕಿಸಿಕೊಂಡ ರೋಹಿತ್ ವೇಮುಲ ಮತ್ತು ಗೆಳೆಯರು ಕ್ಯಾಂಪಸ್ಸಿನ ಬಯಲಿನಲ್ಲಿ ಬಿಡಾರ ಹೂಡಿದರು. ಅದಕ್ಕೆ ಅವರಿಟ್ಟ ಹೆಸರು ‘ವೆಲಿವಾಡ’, ಅಂದರೆ ಊರಾಚೆಯ ಕೇರಿ. ಆ ಬಿಡಾರಕ್ಕೆ ಗೋಡೆಯಾದದ್ದು ಅಂಬೇಡ್ಕರ್ ಮತ್ತಿತರರ ಚಿತ್ರಗಳಿದ್ದ ಫ್ಲೆಕ್ಸ್. ಗೋಡೆಯೇ ಇಲ್ಲದವರು ಚಿತ್ರವನ್ನೇ ಗೋಡೆ ಮಾಡಿಕೊಂಡದ್ದು ಇದು. ಬೀದಿ ಕಲೆಯ ಪಟ್ಟಿಯಲ್ಲಿ ಇದು ಯಾಕೆ ಬರುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಅದೇ ವರ್ಷದ ಕೊನೆಗೆ ಸ್ಪ್ರೇ ಡಬ್ಬಿಯೂ ಏಣಿಯೂ ಒಟ್ಟಿಗೆ ಊರಿಗೆ ಬಂದವು. ದೆಹಲಿಯ ಲೋಧಿ ಕಾಲೊನಿಯ ಗೋಡೆಗಳನ್ನು ಬಣ್ಣ ಮಾಡಿ ಹೆಸರಾಗಿದ್ದ ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಹೈದರಾಬಾದಿನಲ್ಲಿ ಆರಿಸಿಕೊಂಡದ್ದು ಮಖ್ತಾವನ್ನು. ಒಂದು ಕಡೆ ರಾಜಭವನ, ಇನ್ನೊಂದು ಕಡೆ ಹುಸೇನ್ ಸಾಗರ, ನಡುವೆ ಇಕ್ಕಟ್ಟಾದ ಗಲ್ಲಿಗಳ ವಸತಿ. ಮಖ್ತಾ ಎಂಬ ಮಾತು ಕಲಬುರಗಿ ಕಡೆಯವರಿಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಗೊತ್ತಾದ ಕಂದಾಯಕ್ಕೆ ಬಿಟ್ಟುಕೊಟ್ಟ ಭೂಮಿ ಅದು, ‘ಮಕ್ತೇದಾರ’ ಎಂಬ ಮನೆಹೆಸರು ಅಲ್ಲಿಂದಲೇ ಬಂದದ್ದು. ಸ್ಥಳೀಯರೂ ಹೊರಗಿನವರೂ ಇಲ್ಲಿ ಜನ ವಾಸವಿದ್ದ ಮನೆಗಳ ಗೋಡೆಗಳ ಮೇಲೆ ಚಿತ್ರ ಬರೆದರು.

ಇಂದು ಊರಿನ ಗೋಡೆಗಳ ಮಾತು ಬಂದರೆ ಹೆಚ್ಚು ಕೇಳಿಬರುವ ಹೆಸರು ಸ್ವಾತಿ ಮತ್ತು ವಿಜಯ್. ಹೈದರಾಬಾದಿನದೇ ಗಂಡ-ಹೆಂಡತಿ ಜೋಡಿ. ದೊಡ್ಡ ದೊಡ್ಡ ಗೋಡೆಗಳಲ್ಲಿ ಸಾಮಾನ್ಯ ಜನರ ಮುಖಗಳನ್ನು ಬರೆಯುವುದರಲ್ಲಿ ಅವರದು ಎತ್ತಿದ ಕೈ. ಈ ತಲೆಮಾರಿನ ಗ್ರಾಫ್ ಹಾಕುವ ರೀತಿಯೂ ಬದಲಾಗಿದೆ. ಅನೇಕ ಕಲಾವಿದರು ಮೊದಲು ಗೋಡೆ ತುಂಬಾ ಮಕ್ಕಳ ಹಾಗೆ ಸುಮ್ಮನೆ ಗೀಚುತ್ತಾರೆ, ಅದರ ಫೋಟೋ ತೆಗೆದು ಫೋನಿನಲ್ಲಿ ತಮ್ಮ ಚಿತ್ರವನ್ನು ಅದರ ಮೇಲೆ ಕೂರಿಸಿಕೊಳ್ಳುತ್ತಾರೆ. ಯಾವ ಗೀಚಿನ ಹತ್ತಿರ ಕಣ್ಣು, ಯಾವುದರ ಪಕ್ಕ ಮೂಗು ಎಂದು ಫೋನ್ ನೋಡಿ ಬರೆಯುವುದು. ದಾರದ ಕೆಲಸ ಇಲ್ಲ.

2017ರ ನವೆಂಬರಿನಲ್ಲಿ ಜಾಗತಿಕ ಉದ್ಯಮಿಗಳ ಸಮಾವೇಶಕ್ಕೆ ಇವಾಂಕಾ ಟ್ರಂಪ್ ಬಂದರಲ್ಲ, ಆಗ ಅತಿಥಿಗಳು ಹಾದುಹೋಗುವ ದಾರಿಯ ಗೋಡೆಗಳಿಗೂ ಬಣ್ಣ ಬಂತು. ನೆಂಟರು ಬರುವ ಹಿಂದಿನ ದಿನ ನಾವು ಮನೆಗೆ ಸುಣ್ಣ ಹೊಡೆಸುವುದಿಲ್ಲವೇ, ಹಾಗೆ. ಅಂಥ ಗೋಡೆಗಳನ್ನು ಕಲೆಯೆಂದು ಕರೆಯಲು ನನಗಿನ್ನೂ ಬಾಯಿ ಬರುವುದಿಲ್ಲ.

ಕೆಳಮೂಲೆಗೆ ಮತ್ತೆ ಬರೋಣ. ಸ್ಟಾರ್ಟ್ ಇಂಡಿಯಾ ಕಟ್ಟಿದವರಲ್ಲಿ ಒಬ್ಬರಾದ ಹನೀಫ್ ಕುರೇಶಿ ಗುಜರಾತಿನವರು. ಬೋರ್ಡ್ ಪೇಂಟರ್‌ಗಳ ಕೈಬರಹದ ಹುಚ್ಚು ಹತ್ತಿಸಿಕೊಂಡವರು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಳ್ಳುತ್ತಿದ್ದ ಪೇಂಟರ್‌ಗಳನ್ನು ಹುಡುಕಿ, ಅವರಿಂದ ಅಕ್ಷರಮಾಲೆ ಬರೆಸಿ, ಅದನ್ನು ಕಂಪ್ಯೂಟರ್ ಫಾಂಟ್ ಮಾಡಿದರು. ಫಾಂಟಿಗೆ ಇಟ್ಟದ್ದು ಆಯಾ ಪೇಂಟರಿನ ಹೆಸರನ್ನೇ. ಒಂದರ ಹೆಸರು ‘ಪೇಂಟರ್ ಕಫೀಲ್’. ಹನೀಫ್ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಮಖ್ತಾಕ್ಕೆ ಹೋಗುವುದಾದರೆ ಖೈರತಾಬಾದ್ ಮೆಟ್ರೋದಲ್ಲಿ ಇಳಿದು ರಾಜಭವನದ ಕಡೆ ನಡೆಯಿರಿ. ಬೆಳಗಿನ ಹೊತ್ತು ಒಳ್ಳೆಯದು. ಚಿತ್ರಗಳು ಮನೆಗಳ ಮೇಲಿವೆ, ಮನೆಯಲ್ಲಿ ಜನ ಇದ್ದಾರೆ, ಕ್ಯಾಮೆರಾ ಎತ್ತುವ ಮೊದಲು ಒಂದು ಮಾತು ಕೇಳಿ. ಕೆಲವು ಕಡೆ ಬಣ್ಣ ಎದ್ದಿರಬಹುದು, ಕಿಟಕಿಗೆ ಬಟ್ಟೆ ಒಣಹಾಕಿರಬಹುದು. ಇರಲಿ ಬಿಡಿ. ಕೆಳಮೂಲೆಯಲ್ಲಿ ಹೆಸರು ಇದ್ದರೆ ಅದನ್ನೂ ಫ್ರೇಮಿನೊಳಗೆ ಸೇರಿಸಿಕೊಳ್ಳಿ.