ಅಡಿಕೆಯ ದರ್ಜೆಯೂ ಸುಲಿಯುವವರ ಕೂಲಿಯೂ

(ಭಾಷಣದ ಪಾಠ)



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಅಡಿಕೆಯ ಧಾರಣೆ ಏರಿದರೆ ಜವಳಿ ಅಂಗಡಿಗೆ ಗಿರಾಕಿ ಬರುತ್ತಾನೆ. ಇಳಿದರೆ ಕಿರಾಣಿ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತದೆ. ಆದ್ದರಿಂದ ಅಡಿಕೆಯ ಗುಣಮಟ್ಟದ ಮಾತು ತೋಟದ ಧಣಿಗಳಿಗೆ ಮಾತ್ರ ಸೇರಿದ್ದಲ್ಲ. ಅದು ನಮ್ಮೆಲ್ಲರ ಅನ್ನದ ಮಾತು.

ಅಡಿಕೆಗೆ ಗುಣ ಬರುವುದು ಮಂಡಿಯಲ್ಲಲ್ಲ. ಮೊದಲು ಅದು ತೋಟದಲ್ಲಿ ಉಳಿಯಬೇಕು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿದ ಬೋರ್ಡೋ ದ್ರಾವಣವೇ ಮದ್ದೆಂದು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ನರು 1910ರ ಸುಮಾರಿಗೆ ತೋರಿಸಿಕೊಟ್ಟರು. ಆದರೆ ಮಳೆಯಲ್ಲಿ ನೆನೆದ ಜಾರುಮರ ಹತ್ತಿ ಅದನ್ನು ಗೊನೆಗೆ ಹೊಡೆದವನು ಕೂಲಿಯವನು.

ಬಳಿಕ ಕೊಯ್ಲಿನ ಹದ. ಕಾಯಿ ಎಳೆಯದಿರುವಾಗಲೇ ಕೊನೆ ಇಳಿಸಿ, ತಡಮಾಡದೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಬಿಸಿಲಿಗೆ ಹರಡಬೇಕು. ಹದ ಮೀರಿ ಬಲಿತದ್ದು ಗೊರಬಲಾಗುತ್ತದೆ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು: ಹೆಸರು ಬದಲಾದಂತೆ ಬೆಲೆಯೂ ಬದಲಾಗುತ್ತದೆ. ಒಣಗುವ ಮುನ್ನ ಮೋಡ ಕವಿದರೆ ಬೂಷ್ಟು ಬರುತ್ತದೆ. ಒಂದು ಚೀಲ ಹಸಿ ಅಡಿಕೆ ಗೋದಾಮಿನಲ್ಲಿ ಪಕ್ಕದ ಚೀಲಗಳನ್ನೂ ಕೆಡಿಸುತ್ತದೆ.

ಇಲ್ಲಿಯೇ ನಮ್ಮ ಪ್ರಶ್ನೆ. ಮೆಟ್ಟುಗತ್ತಿಯ ಮುಂದೆ ಕುಳಿತವರಿಗೆ ಸುಲಿದ ಅಳತೆಯ ಮೇಲೆ ಕೂಲಿ. ಎಷ್ಟು ಬೇಗ ಸುಲಿದರೆ ಅಷ್ಟು ಕಾಸು. ಕಾಯಿಗೆ ಗಾಯವಾಗದಂತೆ ನಿಧಾನಿಸಿದವರಿಗೆ ನಷ್ಟ. ಅವರ ಎಚ್ಚರಿಕೆಯಿಂದ ಬಂದ ಮೇಲ್ದರ್ಜೆಯ ಬೆಲೆ ಬೇರೆಯವರ ಪಾಲಿಗೆ! ಸುಲಿಯುವ ಯಂತ್ರ ಬಂದಿದೆ, ನಿಜ. ಒಡಕು ಕಾಯನ್ನು ಹೆಕ್ಕಿ ವಿಂಗಡಿಸುವುದು ಈಗಲೂ ಕೈಯೇ, ಹೆಚ್ಚಾಗಿ ಹೆಂಗಸರ ಕೈ. ಗುಣಮಟ್ಟ ಬೇಕೆನ್ನುವವರು ನಿಧಾನಕ್ಕೂ ಬೆಲೆ ಕೊಡಬೇಕು. ಇದು ದಾನವಲ್ಲ, ಲೆಕ್ಕ.

ಬೆಳೆಗಾರನಿಗೆ ದಾರಿ ತೋರಿದ್ದು ಸಹಕಾರ. 1939ರಲ್ಲಿ ಶಿವಮೊಗ್ಗೆಯಲ್ಲಿ ಹುಟ್ಟಿದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ಮ್ಯಾಮ್ಕೋಸ್, ಕೊಳ್ಳುವವನೇ ದರ್ಜೆ ಹೇಳುವ ಕಾಲಕ್ಕೆ ಎದುರು ನಿಂತಿತು. ಒಬ್ಬೊಬ್ಬನಾಗಿ ಮಂಡಿಗೆ ಹೋದವನಿಗೆ ಇಲ್ಲದ ಬಲ ಒಟ್ಟಾಗಿ ಹೋದವರಿಗೆ ಬಂದಿತು. ಅದೇ ಬಲ ಸುಲಿಯುವವರಿಗೆ ಏಕೆ ಬೇಡ?

ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಹಸಿಯದನ್ನು ಒಣಗಿದ್ದರೊಡನೆ, ಗೊರಬಲನ್ನು ರಾಶಿಯೊಡನೆ ಬೆರೆಸಿದ ದಿನದ ಲಾಭ ಒಬ್ಬನದು. ಮರುವರ್ಷ ಕೆಡುವ ಹೆಸರು ಇಡೀ ಸೀಮೆಯದು. ದೂರದ ಪೇಟೆಯವನಿಗೆ ನಿಮ್ಮ ಅಂಗಡಿ ಗೊತ್ತಿಲ್ಲ, ಮಲೆನಾಡು ಗೊತ್ತು.

ಕಹಿಯಾದರೂ ಇನ್ನೊಂದನ್ನು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೇ ಕ್ಯಾನ್ಸರಿಗೆ ಕಾರಣವೆಂದಿತು. ಯಾವ ದರ್ಜೆಯೂ ಈ ಮಾತನ್ನು ಅಳಿಸಲಾರದು. ಆದ್ದರಿಂದ ಒಂದೇ ಬೆಳೆಯ ಮೇಲೆ ಸಂಸಾರ ಕಟ್ಟುವುದು ಅಪಾಯ. ಮೆಣಸು, ಕಾಫಿ, ಭತ್ತದ ಗದ್ದೆ ಇವುಗಳನ್ನು ಕೈಬಿಡದಿರುವುದೇ ಜಾಣತನ.

ನಾವು ಕೇಳುವುದು ಮೂರು: ವಿಂಗಡಣೆಗೆ ಪ್ರತ್ಯೇಕ ಕೂಲಿ; ದರ್ಜೆ ಏರಿದಾಗ ಸುಲಿದವರಿಗೂ ಪಾಲು; ಮಳೆ ಬಂದರೂ ಅಡಿಕೆ ಒಣಗುವಂತೆ ಊರೊಟ್ಟಿನ ಒಣಗುಮನೆ. ಧಾರಣೆ ಪೇಟೆಯ ಕೈಯಲ್ಲಿರಬಹುದು. ದರ್ಜೆ ನಮ್ಮ ಕೈಯಲ್ಲಿದೆ. ಆ ಕೈಗೆ ಬೆಲೆ ಸಲ್ಲಲಿ.