ಕ್ಯಾನ್ಸರ್ ಚಿಕಿತ್ಸೆಯ ಕಾಲದಲ್ಲಿ ಬಾಯಿಯ ಆರೈಕೆ: ದಂಪತಿಗಳ ಹೊಣೆ



ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಊಟಕ್ಕೂ ಮಾತಿಗೂ ಆಧಾರವಾದುದು ಬಾಯಿ. ಆರೋಗ್ಯವಾಗಿರುವಾಗ ಅದರ ಕಡೆಗೆ ನಾವು ಅಷ್ಟಾಗಿ ಗಮನ ಕೊಡುವುದಿಲ್ಲ. ಆದರೆ ಮನೆಯಲ್ಲಿ ಗಂಡನಿಗಾಗಲಿ ಹೆಂಡತಿಗಾಗಲಿ ಕ್ಯಾನ್ಸರ್, ಅಂದರೆ ಅರ್ಬುದ ರೋಗವು ಕಾಣಿಸಿಕೊಂಡು ಚಿಕಿತ್ಸೆ ಆರಂಭವಾದಾಗ, ಆ ಚಿಕಿತ್ಸೆಯು ಕೊನೆಮುಟ್ಟುವುದೋ ನಡುವೆಯೇ ನಿಂತುಹೋಗುವುದೋ ಎಂಬುದು ಅನೇಕ ವೇಳೆ ಬಾಯಿಯ ಸ್ಥಿತಿಯನ್ನೇ ಅವಲಂಬಿಸಿರುತ್ತದೆ. ಆದುದರಿಂದ ಈ ವಿಷಯವಾಗಿ ಇಂದು ತಮ್ಮೊಡನೆ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಕ್ಯಾನ್ಸರಿಗೆ ಶಸ್ತ್ರಕ್ರಿಯೆಯಲ್ಲದೆ ಎರಡು ಮುಖ್ಯ ಚಿಕಿತ್ಸೆಗಳುಂಟು. ಒಂದು, ರಕ್ತನಾಳದ ಮೂಲಕವೋ ಮಾತ್ರೆಯ ರೂಪದಲ್ಲಿಯೋ ಕೊಡುವ ಔಷಧಿ; ಇದನ್ನು ಕೀಮೋಥೆರಪಿ ಎನ್ನುತ್ತಾರೆ. ಇನ್ನೊಂದು ವಿಕಿರಣ ಚಿಕಿತ್ಸೆ. ಇದನ್ನೇ ನಮ್ಮ ಜನರು "ಕರೆಂಟು ಕೊಡುವುದು" ಎನ್ನುವರು. ಕ್ಯಾನ್ಸರ್ ಕೋಶಗಳು ಬಹು ವೇಗವಾಗಿ ವೃದ್ಧಿಯಾಗತಕ್ಕವು. ಈ ಚಿಕಿತ್ಸೆಗಳು ಹಾಗೆ ವೇಗವಾಗಿ ಬೆಳೆಯುವ ಕೋಶಗಳನ್ನು ನಾಶಮಾಡುತ್ತವೆ. ನಮ್ಮ ಬಾಯಿಯ ಒಳಪದರದ ಕೋಶಗಳು ಸಹ ದಿನದಿನವೂ ಸವೆದು ಹೊಸದಾಗಿ ಹುಟ್ಟುತ್ತಿರುವುದರಿಂದ, ಕಳೆಯ ಜೊತೆಯಲ್ಲಿ ಒಂದಿಷ್ಟು ಪೈರಿಗೂ ಪೆಟ್ಟು ಬೀಳುವಂತೆ, ಅವುಗಳಿಗೂ ಹಾನಿಯಾಗುತ್ತದೆ. ಆಗ ಬಾಯಿ ಕೆಂಪಾಗಿ, ಉರಿದು, ಹುಣ್ಣಾಗುತ್ತದೆ.

ಕೀಮೋಥೆರಪಿಯಲ್ಲಿ ಈ ಹುಣ್ಣುಗಳು ಸಾಮಾನ್ಯವಾಗಿ ಔಷಧಿ ಪಡೆದ 5ರಿಂದ 10 ದಿನಗಳೊಳಗೆ ತೋರಿಕೊಂಡು, 2ರಿಂದ 3 ವಾರಗಳಲ್ಲಿ ಮಾಯುತ್ತವೆ. ತಲೆ, ಕತ್ತು, ಬಾಯಿಯ ಭಾಗಕ್ಕೆ ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6ರಿಂದ 7 ವಾರಗಳವರೆಗೆ ಕೊಡುವರು. ಅದರಲ್ಲಿ ಎರಡನೆಯ ಅಥವಾ ಮೂರನೆಯ ವಾರದಿಂದ ಹುಣ್ಣುಗಳು ಕಾಣಿಸಿಕೊಂಡು, ಚಿಕಿತ್ಸೆ ಮುಗಿದ ಮೇಲೆಯೂ ಕೆಲವು ವಾರ ಉಳಿಯುತ್ತವೆ. ಜೊಲ್ಲು ಸುರಿಸುವ ಗ್ರಂಥಿಗಳು ಬತ್ತಿ ಬಾಯಿ ಒಣಗುತ್ತದೆ. ನಾಲಗೆಯ ರುಚಿ ಕೆಡುತ್ತದೆ.

ಅಪಾಯವಿರುವುದು ಇಲ್ಲಿಯೇ. ನೀರು ನುಂಗಿದರೂ ಉರಿಯುವ ಬಾಯಿಯಿಂದ ರೋಗಿಯು ಊಟ ಬಿಡುತ್ತಾನೆ, ತೂಕ ಇಳಿಯುತ್ತದೆ, ಚಿಕಿತ್ಸೆಯಿಂದಲೇ ರೋಗ ಹೆಚ್ಚಿತೆಂದು ಮನೆಯವರು ಭಾವಿಸಿ ಊರಿಗೆ ಕರೆದುಕೊಂಡು ಬರುತ್ತಾರೆ. ಇದು ತಪ್ಪು ತಿಳಿವಳಿಕೆ. ಈ ಹುಣ್ಣುಗಳು ಚಿಕಿತ್ಸೆಯ ಪರಿಣಾಮವೇ ಹೊರತು ರೋಗ ಹರಡಿದುದರ ಲಕ್ಷಣವಲ್ಲ. ಕಾಲಕ್ರಮದಲ್ಲಿ ಅವು ಮಾಯತಕ್ಕವು. ಆದರೆ ವಿಕಿರಣ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಚಿಗುರಲು ಅವಕಾಶವಾಗಿ ಗುಣವಾಗುವ ಸಂಭವವೇ ಕುಗ್ಗುತ್ತದೆ. ನೋವು ತಡೆಯಲಾರದಂತಿದ್ದರೆ ವೈದ್ಯರಿಗೆ ತಿಳಿಸಿರಿ. ನೋವು ಶಮನಕ್ಕೆ ಔಷಧಿಯುಂಟು. ನುಂಗಲು ಆಗದವರಿಗೆ ಮೂಗಿನ ಮೂಲಕ ಸಣ್ಣ ನಳಿಕೆ ಇರಿಸಿ ಆಹಾರ ಕೊಡುವ ಕ್ರಮವುಂಟು. ಹೇಳದೆ ಊರಿಗೆ ಹಿಂದಿರುಗುವುದು ಮಾತ್ರ ಸಲ್ಲದು.

ಮಳೆಗಾಲಕ್ಕೆ ಮುಂಚೆಯೇ ಮನೆಯ ಹೆಂಚು ಕೈಯಾಡಿಸುವುದು ನಮ್ಮ ವಾಡಿಕೆ. ಅಂತೆಯೇ ಚಿಕಿತ್ಸೆಗೆ ಮುಂಚೆಯೇ ದಂತವೈದ್ಯರಲ್ಲಿ ಬಾಯಿಯನ್ನು ಪರೀಕ್ಷೆ ಮಾಡಿಸತಕ್ಕದ್ದು. ಹುಳುಕು ಹಲ್ಲುಗಳನ್ನು ತುಂಬಿಸಬೇಕು. ವಸಡಿನ ಕೀವು, ಹಲ್ಲಿನ ಪಾಚಿ ತೆಗೆಸಬೇಕು. ಉಳಿಯಲಾರದ ಹಲ್ಲುಗಳನ್ನು ಕೀಳಿಸಬೇಕು. ಬಾಯಿಯ ಭಾಗಕ್ಕೆ ವಿಕಿರಣ ಚಿಕಿತ್ಸೆ ನಡೆಯುವುದಿದ್ದರೆ, ಕಿತ್ತ ಗಾಯವು ಮಾಯಲು ಅದಕ್ಕೆ ಮುಂಚೆ 10ರಿಂದ 14 ದಿನಗಳ ಅವಧಿ ದೊರೆಯುವುದು ಒಳ್ಳೆಯದು. ಇದಕ್ಕಾಗಿ ಚಿಕಿತ್ಸೆಯನ್ನು ತಾವಾಗಿಯೇ ಮುಂದೂಡದೆ, ಕ್ಯಾನ್ಸರ್ ವೈದ್ಯರನ್ನೂ ದಂತವೈದ್ಯರನ್ನೂ ಕೇಳಿ ದಿನವನ್ನು ನಿಶ್ಚಯಿಸಿಕೊಳ್ಳಬೇಕು.

ಇನ್ನು ದಿನನಿತ್ಯದ ಆರೈಕೆಯನ್ನು ನೋಡೋಣ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ ಬೆರೆಸಿ ಇಟ್ಟುಕೊಳ್ಳಿರಿ. ಎಚ್ಚರವಾಗಿರುವಾಗ ಎರಡು ಮೂರು ಗಂಟೆಗೊಮ್ಮೆಯೂ, ಪ್ರತಿಸಲ ಊಟವಾದ ಮೇಲೂ ಇದರಿಂದ ಬಾಯಿ ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ಈ ನೀರನ್ನು ದಿನದಿನವೂ ಹೊಸದಾಗಿ ಮಾಡಿಕೊಳ್ಳಿರಿ. ಹಲ್ಲುಗಳನ್ನು ಬಹು ಮೆದುವಾದ ಬ್ರಷ್ಷಿನಿಂದ, ಫ್ಲೋರೈಡ್ ಇರುವ ಪೇಸ್ಟನ್ನು ಹಚ್ಚಿ, ಬೆಳಿಗ್ಗೆ ಮತ್ತು ಮಲಗುವ ಮುನ್ನ ಉಜ್ಜತಕ್ಕದ್ದು. ಬೇವಿನ ಕಡ್ಡಿ, ಇದ್ದಿಲು, ಇಟ್ಟಿಗೆ ಪುಡಿ ಈ ಕಾಲದಲ್ಲಿ ಬೇಡ; ಅವು ವಸಡನ್ನು ಗಾಯಗೊಳಿಸುತ್ತವೆ. ಮದ್ಯಸಾರ ಬೆರೆತ ಬಾಯಿ ತೊಳೆಯುವ ದ್ರವಗಳು ಹುಣ್ಣನ್ನು ಸುಡುತ್ತವೆ. ಹುಣ್ಣಿಗೆ ಸುಣ್ಣವನ್ನಾಗಲಿ ಲವಂಗದ ಎಣ್ಣೆಯನ್ನಾಗಲಿ ಹಚ್ಚಕೂಡದು. ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದವರು ರಾತ್ರಿ ಅದನ್ನು ತೆಗೆದಿಡಬೇಕು. ಹುಣ್ಣಿಗೆ ಒತ್ತುವಂತಿದ್ದರೆ ಹಗಲಿನಲ್ಲಿಯೂ ಧರಿಸಬಾರದು.

ಆಹಾರವು ಮೆತ್ತಗೆ, ತಣ್ಣಗೆ, ಖಾರವಿಲ್ಲದೆ ಇರಲಿ. ರಾಗಿ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ, ಹೆಸರುಬೇಳೆಯ ಕಿಚಡಿ, ಹಾಲು, ಮಾಗಿದ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಉತ್ತಮ. ಜೋಳದ ಸೀಮೆಯವರು ರೊಟ್ಟಿಯನ್ನು ಹಾಲಿನಲ್ಲಿ ಚೆನ್ನಾಗಿ ನೆನೆಸಿ ಕೊಡಬಹುದು. ಮೆಣಸಿನಕಾಯಿ, ಹುಣಸೆ, ನಿಂಬೆ, ಉಪ್ಪಿನಕಾಯಿ, ಕುರುಕಲು ತಿಂಡಿಗಳನ್ನು ಸದ್ಯಕ್ಕೆ ಬಿಡಬೇಕು. ಒಮ್ಮೆಗೇ ಹೆಚ್ಚು ಉಣ್ಣಲಾಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಿರಿ. ಬಾಯಿ ಒಣಗುವವರು ನೀರನ್ನು ಜೊತೆಯಲ್ಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

ದಂಪತಿಗಳೇ, ಒಂದು ಕೆಲಸವನ್ನು ರೋಗಿಯು ತಾನೊಬ್ಬನೇ ಸರಿಯಾಗಿ ಮಾಡಲಾರನು. ಪ್ರತಿದಿನ ಬೆಳಿಗ್ಗೆ ಒಳ್ಳೆಯ ಬೆಳಕಿನಲ್ಲಿ ಗಂಡನ ಬಾಯನ್ನು ಹೆಂಡತಿಯೂ, ಹೆಂಡತಿಯ ಬಾಯನ್ನು ಗಂಡನೂ ನೋಡಬೇಕು. ತುಟಿ, ಕೆನ್ನೆಯ ಒಳಭಾಗ, ನಾಲಗೆಯ ಮೇಲೆ ಮತ್ತು ಕೆಳಗೆ, ಅಂಗುಳ, ಇವನ್ನೆಲ್ಲ ನೋಡಿರಿ. ಮೊಸರಿನ ಗಡ್ಡೆಯಂತೆ ಬಿಳಿಯ ಪದರ ಕಂಡರೆ ಅದು ಬೂಷ್ಟಿನ ಸೋಂಕಾಗಿರಬಹುದು; ಅದಕ್ಕೆ ಔಷಧಿಯುಂಟು. ವಸಡಿನಿಂದ ರಕ್ತ ಒಸರಿ ನಿಲ್ಲದಿದ್ದರೆ, ದವಡೆ ಊದಿದರೆ, ನೀರನ್ನೂ ನುಂಗಲಾಗದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದುದು ಜ್ವರ. ಕೀಮೋಥೆರಪಿಯ ಕಾಲದಲ್ಲಿ ರಕ್ತದ ಬಿಳಿಕಣಗಳು ಕಡಿಮೆಯಾಗುವುದರಿಂದ ಬಾಯಿಯ ಹುಣ್ಣಿನ ಮೂಲಕ ರೋಗಾಣುಗಳು ರಕ್ತವನ್ನು ಸೇರಬಹುದು. ಜ್ವರವು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮಾತ್ರೆ ನುಂಗಿಸಿ ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಕ್ಯಾನ್ಸರ್ ಅಂಟುರೋಗವಲ್ಲ. ಒಟ್ಟಿಗೆ ಕುಳಿತು ಉಣ್ಣುವುದರಿಂದಾಗಲಿ, ಬಾಯಿ ತೊಳೆಸುವುದರಿಂದಾಗಲಿ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದಾಗಲಿ ಅದು ಹರಡದು. ಬಾಯಿ ವಾಸನೆ ಬರುತ್ತದೆಂದು ರೋಗಿಯನ್ನು ಜಗಲಿಯ ಮೂಲೆಗೆ ದೂಡುವುದು ಅನ್ಯಾಯ. ನಮ್ಮ ಗೃಹಿಣಿಯರು ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವರು. ತಮ್ಮ ನೋವನ್ನು ಬಾಯಿಬಿಟ್ಟು ಹೇಳದವರು. ಹೆಂಡತಿಗೆ ಚಿಕಿತ್ಸೆ ನಡೆದಿರುವಾಗ ಗಂಡನು ಗಂಜಿ ಕಾಯಿಸುವುದನ್ನು ಕಲಿತು, ಅವಳಿಗೆ ಮೊದಲು ಉಣಿಸಿದರೆ ಅವನ ಗೌರವಕ್ಕೆ ಕುಂದಿಲ್ಲ.

ಚಿಕಿತ್ಸೆ ಮುಗಿದ ಮೇಲೂ ಎಚ್ಚರಿಕೆ ಬೇಕು. ವಿಕಿರಣ ಪಡೆದ ದವಡೆಯ ಮೂಳೆಗೆ ರಕ್ತದ ಸರಬರಾಜು ಕಡಿಮೆಯಾಗಿರುತ್ತದೆ. ಅಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯುವ ಸಂಭವವುಂಟು. ಈ ಅಪಾಯವು ವರ್ಷಗಳು ಕಳೆದರೂ ಉಳಿದಿರುತ್ತದೆ. ಆದುದರಿಂದ ಸಂತೆಯಲ್ಲಿ ಹಲ್ಲು ಕೀಳುವವರ ಬಳಿಗೆ ಎಂದೆಂದಿಗೂ ಹೋಗಕೂಡದು; ದಂತವೈದ್ಯರಿಗೂ ತಮಗೆ ವಿಕಿರಣ ಚಿಕಿತ್ಸೆಯಾಗಿದೆಯೆಂದು ಮೊದಲೇ ಹೇಳಬೇಕು. ಮೂಳೆ ಗಟ್ಟಿಗೊಳಿಸುವ ಕೆಲವು ಚುಚ್ಚುಮದ್ದುಗಳನ್ನು ಪಡೆದ ಕ್ಯಾನ್ಸರ್ ರೋಗಿಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುವುದರಿಂದ ಆಗಾಗ್ಗೆ ಪರೀಕ್ಷೆ ಮಾಡಿಸುತ್ತಿರಬೇಕು. ದವಡೆ ಬಿಗಿದು ಬಾಯಿ ತೆರೆಯುವುದು ಕಡಿಮೆಯಾಗದಂತೆ ವೈದ್ಯರು ತೋರಿಸಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಬೇಕು. ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಇರಿಸಿದರೆ ಹಿಡಿಸುವಷ್ಟು ಬಾಯಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳುವುದು ಸುಲಭವಾದ ಅಳತೆ.

ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ, ಅಡಿಕೆ, ಮದ್ಯ, ಇವನ್ನು ರೋಗಿಯು ಸಂಪೂರ್ಣವಾಗಿ ತ್ಯಜಿಸಬೇಕು. ಅವು ಹುಣ್ಣು ಮಾಯಲು ಬಿಡುವುದಿಲ್ಲ. ರೋಗ ಮರುಕಳಿಸಲೂ ಕಾರಣವಾಗುತ್ತವೆ. ಕರ್ನಾಟಕದಲ್ಲಿ ಗುಟ್ಕಾವನ್ನು 2013ರಲ್ಲಿ ನಿಷೇಧಿಸಲಾಯಿತು. ಆದರೆ ಪಾನ್ ಮಸಾಲೆಯ ಪೊಟ್ಟಣವನ್ನೂ ಹೊಗೆಸೊಪ್ಪಿನ ಪೊಟ್ಟಣವನ್ನೂ ಬೇರೆ ಬೇರೆಯಾಗಿ ಕೊಂಡು ಬೆರೆಸಿದರೆ ವಿಷವು ಅದೇ. ಒಬ್ಬರು ಬಿಡಬೇಕಾದಾಗ ಇನ್ನೊಬ್ಬರು ಎದುರಿಗೆ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದರೆ ಬಿಡುವುದು ಕಷ್ಟ. ಗಂಡ ಹೆಂಡಿರಿಬ್ಬರೂ ಒಂದೇ ದಿನ ಬಿಡಿರಿ.

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ದೊರೆಯುತ್ತದೆ. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಅರ್ಹ ಕುಟುಂಬಗಳಿಗೆ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವುಂಟು. ಊರಿನ ಆಶಾ ಕಾರ್ಯಕರ್ತೆಯರಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ವಿಚಾರಿಸಿರಿ. ಚಿಕಿತ್ಸೆಯ ಕಾಗದಪತ್ರಗಳನ್ನು ಒಂದು ಚೀಲದಲ್ಲಿ ಜೋಪಾನವಾಗಿಟ್ಟು, ಎಲ್ಲಿಗೆ ಹೋದರೂ ಕೊಂಡೊಯ್ಯಿರಿ.

ಔಷಧಿ ಕೊಡುವುದು ವೈದ್ಯರ ಕೆಲಸ. ಆ ಔಷಧಿಯನ್ನು ತಾಳಿಕೊಳ್ಳುವಂತೆ ದೇಹಕ್ಕೆ ಅನ್ನ ನೀರು ಸಲ್ಲುತ್ತಿರಲು ಬಾಯನ್ನು ಕಾಪಾಡುವುದು ಮನೆಯವರ ಕೆಲಸ. ಒಂದು ಲೋಟ ಉಪ್ಪು ಸೋಡಾದ ನೀರು, ಒಂದು ಮೆದು ಬ್ರಷ್ಷು, ದಿನಕ್ಕೊಮ್ಮೆ ಬಾಯಿ ನೋಡುವ ಅಕ್ಕರೆಯ ಕಣ್ಣು, ಇಷ್ಟು ಪ್ರತಿ ಮನೆಯಲ್ಲಿಯೂ ಇರಲು ಸಾಧ್ಯ. ತಾವೆಲ್ಲರೂ ಇದನ್ನು ಆಚರಣೆಗೆ ತಂದು, ನೆರೆಹೊರೆಯವರಿಗೂ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.