ಜಾಲಿ ಕೀಳೋರು ನಾವು, ಜಾಗ ಯಾರದು?

(ಕೂಲಿಕಾರರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)

ಬಂಧುಗಳೇ, ತಾಯಂದಿರೇ, ಒಂದು ದಿನದ ಕೂಲಿ ಬಿಟ್ಟು ಬಂದಿರುವ ಗೆಳೆಯರೇ,

ಇವತ್ತು ನಾನು ಬಳ್ಳಾರಿ ಜಾಲಿ ಬಗ್ಗೆ ಮಾತಾಡ್ತೀನಿ. ದಿನಾ ಬೆಳಗಾದರೆ ಅದರ ಮುಳ್ಳು ತುಳಿಯೋರಿಗೆ ಅದರ ಮೇಲೆ ಭಾಷಣ ಯಾಕೆ ಅಂತ ನೀವು ನಗಬಹುದು. ನಗಿ, ಆದರೆ ಕೇಳಿ. ಇಷ್ಟು ದಿನ ಯಾರಿಗೂ ಬೇಡವಾಗಿದ್ದ ಈ ಮುಳ್ಳಿನ ಮೇಲೆ ಈಗ ದುಡ್ಡಿರೋರ ಕಣ್ಣು ಬಿದ್ದಿದೆ. ಯಾರಿಗೂ ಬೇಡದ ವಸ್ತುವಿಗೆ ಬೆಲೆ ಬಂತು ಅಂದರೆ, ಅದನ್ನು ಮುಟ್ಟಿಕೊಂಡು ಬದುಕುತ್ತಿದ್ದವರನ್ನು ಅಲ್ಲಿಂದ ಓಡಿಸುವ ಕಾಲ ಬಂತು ಅಂತಲೇ ಅರ್ಥ. ನಮ್ಮ ಅನುಭವ ಹೇಳುವುದು ಇದನ್ನೇ.

ಮೊದಲು ಈ ಗಿಡದ ಚರಿತ್ರೆ ತಿಳಿಯೋಣ. ಇದು ನಮ್ಮ ನೆಲದ ಗಿಡ ಅಲ್ಲ. ಅಮೆರಿಕ ಖಂಡದ್ದು. ಬ್ರಿಟಿಷರ ಕಾಲದಲ್ಲಿ, 1877ರಲ್ಲಿ, ಕಡಪಾ ಜಿಲ್ಲೆಯ ಕಮಲಾಪುರದಲ್ಲಿ ಅರಣ್ಯ ಇಲಾಖೆಯವರು ಇದನ್ನು ನೆಡಿಸಿದರು. ಒಣಸೀಮೆಗೆ ಸೌದೆ ಆಗುತ್ತೆ, ಬೋಳು ನೆಲ ಹಸಿರಾಗುತ್ತೆ ಎಂಬುದು ಅವರ ಲೆಕ್ಕ. ಸ್ವಾತಂತ್ರ್ಯ ಬಂದ ಮೇಲೂ ಅದೇ ಲೆಕ್ಕ ನಡೆಯಿತು. ಗುಜರಾತಿನ ಕಚ್ಛ್‌ನಲ್ಲಿ ಬನ್ನಿ ಅಂತ ದೊಡ್ಡ ಹುಲ್ಲುಗಾವಲಿದೆ. ಅಲ್ಲಿ 1961ರಿಂದ ಸರ್ಕಾರವೇ ಸುಮಾರು 31,500 ಹೆಕ್ಟೇರಿನಲ್ಲಿ ಇದನ್ನು ಬೆಳೆಸಿತು. ಇವತ್ತು ಆ ಹುಲ್ಲುಗಾವಲಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಜಾಲಿ ನುಂಗಿದೆ. ಅಲ್ಲಿನ ದನಗಾಹಿಗಳು ಇದನ್ನು 'ಗಾಂಡೋ ಬಾವಳ್' ಅಂತಾರೆ. ಅಂದರೆ ಹುಚ್ಚು ಜಾಲಿ.

ಒಂದು ಮಾತು ನೆನಪಿರಲಿ. "ಪರದೇಶದಿಂದ ಬಂದದ್ದು, ಓಡಿಸಿ" ಎನ್ನುವ ಭಾಷೆ ನಮಗೆ ಬೇಡ. ಊರಿನಿಂದ ಹೊರಗೆ ಇಟ್ಟವರ ಭಾಷೆ ಅದು, ಅದರ ರುಚಿ ನಮಗೆ ಚೆನ್ನಾಗಿ ಗೊತ್ತು. ಗಿಡ ತಾನಾಗಿ ಹಡಗು ಹತ್ತಿ ಬರಲಿಲ್ಲ. ತಂದವರು ಅಧಿಕಾರಿಗಳು. ತಂದಾಗ ಯಾವ ಕೇರಿಯವರನ್ನೂ ಕೇಳಲಿಲ್ಲ. ಕಿತ್ತು ಹಾಕುವಾಗಲಾದರೂ ಕೇಳಬೇಕು ಅನ್ನೋದೇ ನಮ್ಮ ವಾದ.

ಕಿತ್ತು ಹಾಕಬೇಕಾ? ಹಾಕಬೇಕು. ಇದರಲ್ಲಿ ಎರಡು ಮಾತಿಲ್ಲ. ಇದರ ಬುಡದಲ್ಲಿ ಹುಲ್ಲು ಹತ್ತುವುದಿಲ್ಲ. ಕುರಿ ಮೇಕೆ ಇದರ ಸಿಹಿ ಕಾಯಿ ತಿಂದು, ಹೋದ ಕಡೆಯಲ್ಲೆಲ್ಲಾ ಹಿಕ್ಕೆಯಲ್ಲಿ ಬೀಜ ಉದುರಿಸುತ್ತವೆ. ಕೆರೆ ಅಂಗಳ, ಗೋಮಾಳ, ಹಳ್ಳದ ದಂಡೆ ಎಲ್ಲಾ ಮುಚ್ಚಿಹೋಗುತ್ತೆ. ಉಳ್ಳವರ ತೋಟದಲ್ಲಿ ಜಾಲಿ ಇರಲ್ಲ, ಕೂಲಿ ಇಟ್ಟು ಕೀಳಿಸ್ತಾರೆ. ಜಾಲಿ ಇರೋದು ನಮ್ಮ ಹಟ್ಟಿಯ ಬೆನ್ನಿಗೆ, ನಮ್ಮ ಹೆಣ ಹೂಳುವ ಜಾಗದಲ್ಲಿ, ನಮ್ಮ ಹೆಣ್ಣುಮಕ್ಕಳು ಕತ್ತಲಲ್ಲಿ ಹೆದರಿಕೊಂಡು ಬಯಲಿಗೆ ಹೋಗುವ ದಾರಿಯಲ್ಲಿ.

ಜಾಲಿ ಬರುವ ಮುಂಚೆ ಆ ಜಾಗದಲ್ಲಿ ಏನಿತ್ತು? ವಿಜ್ಞಾನಿಗಳು "ಹುಲ್ಲುಗಾವಲು, ಕುರುಚಲು ಕಾಡು, ಕೃಷ್ಣಮೃಗ" ಅಂತಾರೆ. ನಿಜ. ನಮ್ಮ ಹಿರಿಯರನ್ನು ಕೇಳಿದರೆ ಇನ್ನೂ ಒಂದಿಷ್ಟು ಹೇಳ್ತಾರೆ. ತಂಗಡಿ ಇತ್ತು. ಅದರ ತೊಗಟೆ ಇಲ್ಲದೆ ಚರ್ಮ ಹದ ಮಾಡೋ ಹಾಗಿರಲಿಲ್ಲ. ಕರಿಜಾಲಿ ತೊಗಟೆಯೂ ಅದೇ ಕೆಲಸಕ್ಕೆ. ಈಚಲು ಇತ್ತು, ಚಾಪೆಗೆ, ಪೊರಕೆಗೆ. ಲಕ್ಕಿ ಕಡ್ಡಿ ಇತ್ತು, ಬುಟ್ಟಿ ಹೆಣೆಯೋದಕ್ಕೆ. ಹೊಂಗೆ ಇತ್ತು, ದೀಪದ ಎಣ್ಣೆಗೆ. ಬಾರೆ ಹಣ್ಣು ಇತ್ತು, ಹಸಿದ ಮಕ್ಕಳ ಬಾಯಿಗೆ. ಸರ್ಕಾರದ ಕಾಗದದಲ್ಲಿ 'ಬೀಳು' ಅಂತ ಬರೆದ ಜಾಗ ಭೂಮಿ ಇಲ್ಲದವರ ಕಾರ್ಖಾನೆ ಆಗಿತ್ತು, ಉಗ್ರಾಣ ಆಗಿತ್ತು. ಕಾಡುಮೃಗಕ್ಕೆ ನೆಲೆ ವಾಪಸು ಕೊಡಿಸೋರು ಬಂದರೆ ಸಂತೋಷ. ಅದೇ ನೆಲೆಯಲ್ಲಿ ನಮ್ಮ ಬದುಕೂ ಇತ್ತು ಅನ್ನೋದನ್ನು ಮಾತ್ರ ಅವರು ಮರೆಯಬಾರದು.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ಜಾಲಿ ಸೌದೆ ಹಸಿಯಾಗಿದ್ದರೂ ಉರಿಯುತ್ತೆ, ಒಳ್ಳೆ ಕಾವು ಕೊಡುತ್ತೆ, ಇದ್ದಿಲಿಗೆ ಹೇಳಿ ಮಾಡಿಸಿದ್ದು. ತಮಿಳುನಾಡಿನ ರಾಮನಾಥಪುರ, ಶಿವಗಂಗೆ ಸೀಮೆಯಲ್ಲಿ ಇದನ್ನು ಉರಿಸಿ ಕರೆಂಟು ಮಾಡುವ ಕಾರ್ಖಾನೆಗಳೇ ಎದ್ದವು. 2021ರಲ್ಲಿ ಕೇಂದ್ರದ ಇಂಧನ ಸಚಿವಾಲಯವು ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಗೆ ಒಂದು ನೀತಿ ತಂದಿತು. ಬೆಳೆಯ ಕಸಕಡ್ಡಿ ಒತ್ತಿ ಮಾಡಿದ ಉಂಡೆಗಳನ್ನು ನೂರಕ್ಕೆ 5 ಪಾಲಿನಷ್ಟು ಕಲ್ಲಿದ್ದಲ ಜೊತೆ ಉರಿಸಬೇಕು ಅಂತ. ಹೀಗೆ ಕಸಕ್ಕೂ ಕಡ್ಡಿಗೂ ಮಾರುಕಟ್ಟೆ ಹುಟ್ಟಿದೆ. "ಬೇಡದ ಗಿಡ ಕಡಿಯೋಣ, ಅದನ್ನೇ ಉರಿಸಿ ಕರೆಂಟು ಮಾಡೋಣ, ಆ ದುಡ್ಡಲ್ಲೇ ಹುಲ್ಲುಗಾವಲು ವಾಪಸು ತರೋಣ" ಎಂಬ ಮಾತು ಕೇಳೋದಕ್ಕೆ ಚೆನ್ನಾಗಿದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಯೂನಿಟ್ ಕರೆಂಟಿಗೆ ಸುಮಾರು ಒಂದರಿಂದ ಒಂದೂವರೆ ಕೆಜಿ ಒಣ ಸೌದೆ ಬೇಕು. ಒಂದು ಮೆಗಾವ್ಯಾಟಿನ ಸಣ್ಣ ಕಾರ್ಖಾನೆ ಹಗಲು ರಾತ್ರಿ ಓಡಿದರೆ ದಿನಕ್ಕೆ 24,000 ಯೂನಿಟ್. ಅಂದರೆ ದಿನಕ್ಕೆ 24ರಿಂದ 36 ಟನ್ ಸೌದೆ. ಇಷ್ಟು ದೊಡ್ಡ ಹೊಟ್ಟೆ ಇಟ್ಟುಕೊಂಡವನು ಜಾಲಿ ಮುಗಿದುಹೋಗಲಿ ಅಂತ ಹಾರೈಸ್ತಾನಾ? ಅವನಿಗೆ ಮುಂದಿನ ವರ್ಷವೂ ಜಾಲಿ ಬೇಕು, ಅದರ ಮುಂದಿನ ವರ್ಷವೂ ಬೇಕು.

ಇಲ್ಲೇ ಗಂಟು ಇರೋದು. ಜಾಲಿಯನ್ನು ನೆಲದ ಮೇಲೆ ಕಡಿದರೆ ಬೊಡ್ಡೆಯಿಂದ ಒಂದಕ್ಕೆ ಹತ್ತು ಚಿಗುರು ಬರುತ್ತೆ. ಅದು ಸಾಯಬೇಕಾದರೆ ಗುದ್ದಲಿ ಹಾರೆ ಹಿಡಿದು, ಚಿಗುರು ಒಡೆಯುವ ಬುಡದ ಗಂಟಿನ ಕೆಳಗೆ ತನಕ ಅಗೆದು ಕೀಳಬೇಕು. ಕಿತ್ತ ಮೇಲೂ ಮಣ್ಣಲ್ಲಿ ಬೀಜ ಇರುತ್ತೆ, ವರ್ಷ ವರ್ಷ ಸಸಿ ಏಳುತ್ತೆ, ಅದನ್ನೂ ಕೀಳುತ್ತಾ ಇರಬೇಕು. ಮೇಲಿನ ಸೌದೆಗೆ ಕಾರ್ಖಾನೆ ದುಡ್ಡು ಕೊಡುತ್ತೆ. ಬುಡ ಅಗೆಯುವ ಬೆವರಿಗೆ, ಮೂರು ವರ್ಷ ಸಸಿ ಕೀಳುವ ಬೆನ್ನಿಗೆ ಯಾರು ಕೊಡ್ತಾರೆ? ಯಾರೂ ಕೊಡದಿದ್ದರೆ ಗುತ್ತಿಗೆದಾರ ಮೇಲೆ ಮೇಲೆ ಸವರಿಕೊಂಡು ಲಾರಿ ತುಂಬಿಸ್ತಾನೆ, ಜಾಲಿ ಮೊದಲಿಗಿಂತ ದಟ್ಟವಾಗಿ ಏಳುತ್ತೆ. ಬನ್ನಿಯಲ್ಲಿ 2004ರಲ್ಲಿ ಇದ್ದಿಲು ಸುಡೋದಕ್ಕೆ ಪರವಾನಗಿ ಕೊಟ್ಟರು, 2008ರಲ್ಲಿ ಮತ್ತೆ ನಿಲ್ಲಿಸಿದರು. ಜಾಲಿ ಜೊತೆಗೆ ದೇಸಿ ಮರಗಳೂ ಕೊಡಲಿಗೆ ಬೀಳ್ತಾ ಇವೆ ಅಂತ ದೂರು ಬಂದಿತ್ತು. ಬರೀ ಮಾರುಕಟ್ಟೆಗೆ ಬಿಟ್ಟರೆ ಹುಲ್ಲುಗಾವಲು ಬರೋದಿಲ್ಲ.

ಕಡಿಯುವ ಕೈಗಳ ಗತಿ ಏನು? 2019ರ ಜುಲೈನಲ್ಲಿ ತಮಿಳುನಾಡಿನ ಕಾಂಚೀಪುರಂ, ವೆಲ್ಲೂರು ಜಿಲ್ಲೆಗಳಲ್ಲಿ ಸೌದೆ ಕಡಿಯುವ ಜಾಗಗಳಿಂದ 42 ಮಂದಿಯನ್ನು ಅಧಿಕಾರಿಗಳು ಜೀತದಿಂದ ಬಿಡಿಸಿದರು. ಅವರು ಇರುಳರು. ಸಣ್ಣ ಮುಂಗಡ ಪಡೆದು ವರ್ಷಗಟ್ಟಲೆ ದುಡಿದು ತೀರಿಸಲಾಗದೆ ಸಿಕ್ಕಿಬಿದ್ದವರು. ಜೀತ ನಿಷೇಧ ಮಾಡಿದ ಕಾಯಿದೆ 1976ರದ್ದು. ಆ ಕಾಯಿದೆ ಬಂದು 40 ವರ್ಷ ಕಳೆದ ಮೇಲೂ ಸೌದೆ ರಾಶಿಯ ಹಿಂದೆ ಜೀತ ಬಚ್ಚಿಟ್ಟುಕೊಂಡಿತ್ತು. ನಮ್ಮ ಸೀಮೆಗೆ ಜಾಲಿ ಗುತ್ತಿಗೆ ಬಂದಾಗ ಮೇಸ್ತ್ರಿ ಮೊದಲು ತರೋದು ಕೊಡಲಿ ಅಲ್ಲ, ಮುಂಗಡದ ನೋಟು. ಆ ನೋಟು ಮುಟ್ಟಬೇಡಿ.

ಕೊನೆಗೆ ಜಾಗದ ಪ್ರಶ್ನೆ. ಜಾಲಿ ಕಿತ್ತ ಮೇಲೆ ಚೊಕ್ಕಟ ನೆಲ ಕಾಣುತ್ತೆ. ಚೊಕ್ಕಟ ನೆಲ ಕಂಡರೆ ಸುಮ್ಮನೆ ಬಿಡೋರು ಯಾರು? ಪಾವಗಡದ ಸೌರ ವಿದ್ಯುತ್ ಪಾರ್ಕು ನೋಡಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಬಂದದ್ದು ಯಾರಿಗೆ? ಪಹಣಿ ಇದ್ದವರಿಗೆ. ಆ ಹೊಲಗಳಲ್ಲಿ ಕಳೆ ಕಿತ್ತು, ಕುರಿ ಮೇಯಿಸಿ ಬದುಕಿದ್ದ ಭೂಹೀನರಿಗೆ ಕೂಲಿಯೂ ಹೋಯಿತು, ಮೇವೂ ಹೋಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಹಿಂದೆ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಹಾಕಲು ಹೊರಟರು. ಆಗ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಅಂದರೆ ಅದೇ. 1991ರಲ್ಲಿ ಆ ಕಂಪನಿ ಮುಚ್ಚಿತು. ಕೀಳುವ ಹಕ್ಕು, ನೆಡುವ ಹಕ್ಕು ಎರಡೂ ಒಂದೇ ಕೈಯಲ್ಲಿ ಇರಬೇಕು ಅನ್ನೋದು ಅಲ್ಲಿಯ ಪಾಠ.

ಇಂಧನವೇ ಬೇಡ ಅಂತ ನಾವು ಹೇಳ್ತಿಲ್ಲ. 1988ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿ ಅನ್ನೋ ಪುಟ್ಟ ಊರಿನಲ್ಲಿ ಸೌದೆಯಿಂದ ಅನಿಲ ತೆಗೆದು ಎಂಜಿನ್ ಓಡಿಸುವ ಯಂತ್ರ ಕೂರಿಸಿದರು. ಮನೆಗಳಿಗೆ ದೀಪ ಬಂತು, ಮುಂದೆ ಕುಡಿಯುವ ನೀರು, ಹಿಟ್ಟಿನ ಗಿರಣಿಯೂ ಅದರಿಂದಲೇ ನಡೆದವು. ಊರಿನ ಸೌದೆ ಊರಿಗೇ ಬೆಳಕಾಯಿತು. ಹೊಟ್ಟೆ ಸಣ್ಣದಿದ್ದರೆ ಜಾಲಿ ಮುಗಿಯುವ ಹೊತ್ತಿಗೆ ಅದಕ್ಕೆ ಹೊಂಗೆಯ ರೆಂಬೆಯೋ, ಹೊಲದ ಕಡ್ಡಿಯೋ ಸಾಕಾಗುತ್ತೆ.

ಆದ್ದರಿಂದ ಬಂಧುಗಳೇ, ಗ್ರಾಮಸಭೆಯಲ್ಲಿ ಎದ್ದು ನಿಂತು ನಾವು ಕೇಳಬೇಕಾದ್ದು ಇಷ್ಟು.

ಒಂದು: ಯಾವ ಸರ್ವೆ ನಂಬರಿನಲ್ಲಿ, ಎಷ್ಟು ಎಕರೆ ಜಾಲಿ ಕೀಳಬೇಕು ಎಂಬುದನ್ನು ಗ್ರಾಮಸಭೆ ತೀರ್ಮಾನಿಸಬೇಕು. ಕಿತ್ತ ಮೇಲೂ ಗೋಮಾಳ ಗೋಮಾಳವಾಗಿಯೇ, ಕೆರೆ ಅಂಗಳ ಕೆರೆ ಅಂಗಳವಾಗಿಯೇ, ಸ್ಮಶಾನ ಸ್ಮಶಾನವಾಗಿಯೇ ಪಹಣಿಯಲ್ಲಿ ಉಳಿಯಬೇಕು. ಈ ಮಾತು ಕೆಲಸ ಶುರುವಾಗೋದಕ್ಕೆ ಮುಂಚೆ ಕಾಗದದ ಮೇಲೆ ಬರಬೇಕು.

ಎರಡು: ಹರಾಜು ಬೇಡ. ಕಡಿಯುವ, ಮಾರುವ ಹಕ್ಕು ಭೂಮಿ ಇಲ್ಲದವರ ಸಂಘಕ್ಕೆ, ಮೊದಲಿಗೆ ಹೆಣ್ಣುಮಕ್ಕಳ ಸಂಘಕ್ಕೆ ಸಿಗಬೇಕು. ತೂಕ ನಮ್ಮ ಕಣ್ಣೆದುರಿಗೇ ಆಗಬೇಕು.

ಮೂರು: ಸೌದೆಯ ಬೆಲೆ ಬೇರೆ, ಬುಡ ಅಗೆಯುವ ಕೂಲಿ ಬೇರೆ, ಮೂರು ವರ್ಷ ಸಸಿ ಕೀಳುವ ಕೂಲಿ ಬೇರೆ. ಈ ಮೂರೂ ಲೆಕ್ಕದಲ್ಲಿ ಇರಬೇಕು. ಕೈಗೆ ಗವಸು, ಕಾಲಿಗೆ ಬೂಟು ಕೊಡಬೇಕು.

ನಾಲ್ಕು: ಒಂದೇ ಸಲ ಬೋಳಿಸಬಾರದು. ಪಟ್ಟೆ ಪಟ್ಟೆಯಾಗಿ ಕೀಳಬೇಕು, ಒಂದು ಪಟ್ಟೆ ಒಲೆಯ ಸೌದೆಗೆ ಮೀಸಲಿರಬೇಕು. ಗ್ಯಾಸು ಮನೆಗೆ ಬಂದಿರಬಹುದು, ಸಿಲಿಂಡರ್ ಖಾಲಿಯಾದ ದಿನ ಒಲೆ ಹತ್ತಿಸೋದು ಈ ಮುಳ್ಳೇ.

ಐದು: ಮತ್ತೆ ಏನು ಬೆಳೆಸಬೇಕು ಅನ್ನೋದನ್ನು ನಮ್ಮ ಅಜ್ಜಿಯರು ಹೇಳಲಿ. ಹುಲ್ಲು, ತಂಗಡಿ, ಈಚಲು, ಹೊಂಗೆ, ಬಾರೆ. ಹುಲ್ಲು ಹತ್ತುವ ತನಕ ಆ ಪಟ್ಟೆಗೆ ಕುರಿ ಬಿಡದಂತೆ ಕುರಿಗಾಹಿಗಳನ್ನು ಕೂರಿಸಿಕೊಂಡೇ ಒಪ್ಪಂದ ಮಾಡೋಣ. ಅವರೂ ನಮ್ಮವರೇ.

ಇದೆಲ್ಲಾ ಆಗದ ಮಾತು ಅಂತ ಯಾರಾದರೂ ಅಂದರೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ತೋರಿಸಿ. 2006ರ ಅರಣ್ಯ ಹಕ್ಕು ಕಾಯಿದೆ ಹಿಡಿದು, 2011ರಲ್ಲಿ ಹುಲಿಯ ಕಾಡಿನೊಳಗೇ ಅವರು ಸಮುದಾಯದ ಹಕ್ಕು ಪಡೆದರು. ತರಗಿಗೆ ಸಣ್ಣ ಬೆಂಕಿ ಹಾಕುವ ನಮ್ಮ ಪದ್ಧತಿ ನಿಲ್ಲಿಸಿದ ಮೇಲೇ ಲಂಟಾನ ಕಾಡು ತುಂಬಿತು ಅಂತ ಅವರು ಹೇಳುತ್ತಾ ಬಂದಿದ್ದಾರೆ. ನೆಲದ ಜೊತೆ ಬದುಕಿದವರಿಗೆ ನೆಲದ ರೋಗ ಗೊತ್ತಿರುತ್ತೆ.

ನಾಳೆ ಕೊಡಲಿ ಹಿಡಿಯೋದು ನಾವೇ. ಮುಳ್ಳು ಚುಚ್ಚೋದು ನಮಗೇ. ಹಾಗಿದ್ದ ಮೇಲೆ ಹುಲ್ಲು ಚಿಗುರಿದಾಗ ಆ ನೆಲದ ಮೇಲೆ ನಿಲ್ಲುವ ಹಕ್ಕೂ ನಮ್ಮದೇ ಆಗಬೇಕು. ಮುಂದಿನ ಗ್ರಾಮಸಭೆಗೆ ಒಬ್ಬೊಬ್ಬರೇ ಹೋಗಬೇಡಿ. ಹಟ್ಟಿಗೆ ಹಟ್ಟಿಯೇ ಎದ್ದು ಹೋಗಿ.

ಜೈ ಭೀಮ್.